ಅಂಗೈ ದಾಟಿ ಬಂದ ಬೆಳಕು

ಕರೆಂಟ್ ಹೋದ ರಾತ್ರಿ ಟಾರ್ಚಿನ ಬಾಯಿಗೆ ಅಂಗೈ ಒತ್ತಿ ಆಡದ ಮಕ್ಕಳು ಕಡಿಮೆ. ಬೆರಳುಗಳು ಕೆಂಡದಂತೆ ಹೊಳೆಯುತ್ತವೆ. ಒಳಗಿನ ಮೂಳೆ ಮಾತ್ರ ಎಷ್ಟು ಕಣ್ಣರಳಿಸಿದರೂ ಕಾಣುವುದಿಲ್ಲ. ಸ್ತನ ಕ್ಯಾನ್ಸರನ್ನು ಬೆಳಕಿನಿಂದ ಪತ್ತೆಹಚ್ಚುವ ವಿದ್ಯೆಯ ಆಸೆಯೂ ತೊಡಕೂ ಈ ಆಟದಲ್ಲೇ ಇವೆ.

1929ರಲ್ಲಿ ಅಮೆರಿಕದ ವೈದ್ಯ ಮ್ಯಾಕ್ಸ್ ಕಟ್ಲರ್ ಸ್ತನದ ಹಿಂದೆ ಪ್ರಖರ ದೀಪವಿಟ್ಟು, ದಾಟಿ ಬಂದ ಬೆಳಕಿನಲ್ಲಿ ಗಡ್ಡೆಯ ನೆರಳು ಹುಡುಕಿದರು. ದೀಪದ ಕಾವು ಚರ್ಮಕ್ಕೆ ತಾಗುತ್ತಿತ್ತು. ಅದಿರಲಿ, ನೆರಳಿಗೆ ಸರಿಯಾದ ಅಂಚೇ ಇರಲಿಲ್ಲ. ಎಕ್ಸ್-ರೇ ಮೈಯೊಳಗೆ ಬಹುಪಾಲು ನೆಟ್ಟಗೆ ಸಾಗುತ್ತದೆ. ಬೆಳಕೋ, ಒಂದೆರಡು ಮಿಲಿಮೀಟರ್ ಹೋಗುವಷ್ಟರಲ್ಲಿ ಅಲ್ಲಲ್ಲಿ ಬಡಿದು ದಿಕ್ಕು ತಪ್ಪುತ್ತದೆ. ಮಂಜು ಕವಿದ ಚಾರ್ಮಾಡಿ ಘಾಟಿಯಲ್ಲಿ ಎದುರಿಗೆ ವಾಹನ ಬರುತ್ತಿರುವುದು ಹೊಳಪಿನಿಂದ ತಿಳಿಯುತ್ತದೆ. ಬಸ್ಸೋ ಲಾರಿಯೋ ತಿಳಿಯದು.

ಆದರೆ ಬೆಳಕಿಗೆ ರಕ್ತದ ಗುರುತು ಹತ್ತುತ್ತದೆ. ಸುಮಾರು 650ರಿಂದ 950 ನ್ಯಾನೊಮೀಟರ್ ತರಂಗಾಂತರದ ಕಡುಗೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ರಕ್ತವೂ ನೀರೂ ಹೆಚ್ಚು ಹೀರುವುದಿಲ್ಲ. ಹಾಗಾಗಿ ಅವು ಕೆಲವು ಸೆಂಟಿಮೀಟರ್ ದಾಟಿ ಹೊರಬರುತ್ತವೆ. ರಕ್ತದಲ್ಲಿ ಆಮ್ಲಜನಕ ಸಾಗಿಸುವುದು ಹಿಮೋಗ್ಲೋಬಿನ್; ಆಮ್ಲಜನಕ ಹೊತ್ತದ್ದು ಬೆಳಕು ಹೀರುವ ಬಗೆ ಬೇರೆ, ಇಳಿಸಿ ಬಂದದ್ದರ ಬಗೆ ಬೇರೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರ್ ನಂಬಿಕೊಂಡಿರುವುದೂ ಈ ವ್ಯತ್ಯಾಸವನ್ನೇ. ಬೆಳೆಯುವ ಗಡ್ಡೆ ಮಹಾ ಹೊಟ್ಟೆಬಾಕ. ತನಗೆಂದು ಹೊಸ ರಕ್ತನಾಳಗಳನ್ನು ಬರಮಾಡಿಕೊಳ್ಳುತ್ತದೆ. ಅಲ್ಲಿ ಸಾಮಾನ್ಯವಾಗಿ ರಕ್ತ ಹೆಚ್ಚು, ಎಷ್ಟೋ ಸಲ ಆಮ್ಲಜನಕ ಕಡಿಮೆ. ಸ್ತನದ ಸುತ್ತಲೂ ಒಂದೊಂದೇ ಕಡೆಯಿಂದ ಬೆಳಕು ಹಾಯಿಸಿ, ಉಳಿದ ಕಡೆಗಳಲ್ಲಿ ಹೊರಬಿದ್ದದ್ದನ್ನು ಅಳೆದು, ಕಂಪ್ಯೂಟರ್ ಹಿಮ್ಮುಖವಾಗಿ ಲೆಕ್ಕ ಬಿಡಿಸಿದರೆ ಒಳಗಿನ ರಕ್ತದ ನಕ್ಷೆ ಸಿಗುತ್ತದೆ. ಇದಕ್ಕೆ ಡಿಫ್ಯೂಸ್ ಆಪ್ಟಿಕಲ್ ಟೊಮೊಗ್ರಫಿ ಎಂಬ ಉದ್ದನೆಯ ಹೆಸರು.

ಇದು ಸ್ತನದ ಎಕ್ಸ್-ರೇ ಚಿತ್ರವಾದ ಮ್ಯಾಮೊಗ್ರಾಂನ ಜಾಗ ಹಿಡಿಯುತ್ತದೆಂಬ ಉತ್ಸಾಹ ನನಗಿಲ್ಲ. ಕ್ಯಾನ್ಸರಿನ ಸುಳಿವಾಗಬಲ್ಲ, ಸಾಸಿವೆಗಿಂತ ಸಣ್ಣ ಸುಣ್ಣದ ಕಣಗಳನ್ನು ಮ್ಯಾಮೊಗ್ರಾಂ ತೋರಿಸುತ್ತದೆ; ಈ ಮಸುಕು ನಕ್ಷೆಯಲ್ಲಿ ಪುಟ್ಟ ಗಡ್ಡೆಯೇ ಕಳೆದುಹೋಗಬಹುದು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ತೀರ್ಪು ಹೇಗೂ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯದು. ಆದರೆ ಸ್ತನದ ಅಂಗಾಂಶ ದಟ್ಟವಾಗಿದ್ದರೆ ಎಕ್ಸ್-ರೇಯಲ್ಲಿ ಅದೂ ಬಿಳಿ, ಗಡ್ಡೆಯೂ ಬಿಳಿ. ಅಲ್ಲಿ ರಕ್ತದ ಸಾಕ್ಷ್ಯ ಬೇಕೆನಿಸುತ್ತದೆ.

ನನಗೆ ಹೆಚ್ಚು ಭರವಸೆ ಇರುವುದು ಇನ್ನೊಂದು ಕಡೆ. ಶಸ್ತ್ರಚಿಕಿತ್ಸೆಗೆ ಮುಂಚೆ ಕಿಮೋಥೆರಪಿ ಕೊಡುವಾಗ ಔಷಧ ನಾಟುತ್ತಿದೆಯೇ ಎಂದು ಬೇಗ ತಿಳಿಯಬೇಕು. ಈ ಬೆಳಕಿನಲ್ಲಿ ಎಕ್ಸ್-ರೇಯಂಥ ವಿಕಿರಣದ ಅಪಾಯವಿಲ್ಲ, ವಾರವಾರವೂ ನೋಡಬಹುದು. ಔಷಧ ನಾಟಿದ್ದರೆ, ಎಷ್ಟೋ ಸಲ ಗಡ್ಡೆಯ ಗಾತ್ರ ಇನ್ನೂ ಹಾಗೇ ಇರುವಾಗಲೇ ನಕ್ಷೆಯಲ್ಲಿ ಅದರ ರಕ್ತ ಇಳಿಯತೊಡಗಿರುತ್ತದೆ.