ದತ್ತು ಮಕ್ಕಳ ಮಾನಸಿಕ ಆರೋಗ್ಯ: ಪೇಪರ್ ಓದುವ ಮೊದಲು ಗುಂಪು ನೋಡಿ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಸೆಮಿನಾರ್‌ಗೆ ಓದುತ್ತಾ ಬರೆದುಕೊಂಡ ಟಿಪ್ಪಣಿ ಇದು. ದತ್ತು ಅಂದರೇನು, ಫಾಸ್ಟರ್ ಕೇರ್ ಅಂದರೇನು ಅನ್ನುವುದನ್ನು ಬಿಟ್ಟಿದ್ದೇನೆ. ಇಷ್ಟು ನೆನಪಿದ್ದರೆ ಸಾಕು: ದತ್ತು ಹೋದ ಮಗು ಕಾನೂನಿನ ಪ್ರಕಾರ ಆ ಮನೆಯದ್ದೇ ಆಗುತ್ತದೆ, ಫಾಸ್ಟರ್ ಕೇರ್‌ನಲ್ಲಿ ಇನ್ನೊಂದು ಕುಟುಂಬ ಮಗುವನ್ನು ಸಾಕುತ್ತದೆ ಅಷ್ಟೇ, ಹಾಗಾಗುವುದಿಲ್ಲ.

ಈ ವಿಷಯದ ಯಾವ ಪೇಪರ್ ಸಿಕ್ಕರೂ ನಾನೀಗ ಮೊದಲು ಹುಡುಕುವುದು ಒಂದೇ ಉತ್ತರ. ಈ ಮಗು ಈ ಗುಂಪಿಗೆ ಹೇಗೆ ಬಂತು?

ಬುಕಾರೆಸ್ಟ್ ಅಧ್ಯಯನ

ರೊಮೇನಿಯಾದಲ್ಲಿ 1966ರಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ ಗರ್ಭಪಾತವನ್ನು ಬಹುತೇಕ ನಿಷೇಧಿಸಿತು. ಸಾಕಲಾಗದ ಮಕ್ಕಳು ಸರ್ಕಾರಿ ಆಶ್ರಮಗಳಿಗೆ ಸೇರಿದರು. 1989ರ ಕೊನೆಯಲ್ಲಿ ಆ ಸರ್ಕಾರ ಬಿದ್ದ ಮೇಲೆ ಒಳಗಿನ ಸ್ಥಿತಿ ಹೊರಜಗತ್ತಿಗೆ ಗೊತ್ತಾಯಿತು.

2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಅಮೆರಿಕದ ಮೂವರು ಸಂಶೋಧಕರು ರಾಜಧಾನಿ ಬುಕಾರೆಸ್ಟ್‌ನ ಆರು ಆಶ್ರಮಗಳಿಂದ 136 ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ವಯಸ್ಸು 6ರಿಂದ 31 ತಿಂಗಳು. ಲಾಟರಿ ಎತ್ತಿ 68 ಮಕ್ಕಳನ್ನು ಫಾಸ್ಟರ್ ಮನೆಗಳಿಗೆ ಕಳಿಸಿದರು. ಉಳಿದ 68 ಮಕ್ಕಳು ಇದ್ದಲ್ಲೇ ಇದ್ದರು. ಊರಲ್ಲಿ ಆಗ ಫಾಸ್ಟರ್ ಮನೆಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತಂಡವೇ 56 ಕುಟುಂಬಗಳನ್ನು ಹುಡುಕಿ ತರಬೇತಿ ಕೊಟ್ಟು, ಹಣವನ್ನೂ ಕೊಟ್ಟಿತು. ಹೋಲಿಸಿ ನೋಡಲು ಅದೇ ಊರಿನ, ಆಶ್ರಮದ ಮುಖವನ್ನೇ ನೋಡದ 72 ಮಕ್ಕಳು.

ಅರ್ಧ ಮಕ್ಕಳನ್ನು ಅಲ್ಲೇ ಬಿಟ್ಟದ್ದು ಸರೀನಾ? ಸೆಮಿನಾರ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ತಂಡ ಇಟ್ಟುಕೊಂಡಿದ್ದ ನಿಯಮ ಇದು: ಆಶ್ರಮದ ಗುಂಪಿನ ಯಾವ ಮಗುವನ್ನೂ ಅಧ್ಯಯನಕ್ಕಾಗಿ ಒಳಗೆ ಹಿಡಿದಿಡುವಂತಿಲ್ಲ. ಹೆತ್ತವರು ಬಂದರೆ, ದತ್ತು ಸಿಕ್ಕರೆ, ಸರ್ಕಾರವೇ ಫಾಸ್ಟರ್ ಮನೆ ಕೊಟ್ಟರೆ ಮಗು ಹೋಗಬಹುದು. ಹೋದವು ಕೂಡ. ಎಂಟು ವರ್ಷ ತುಂಬುವ ಹೊತ್ತಿಗೆ ಆ ಗುಂಪಿನ ಬಹುಪಾಲು ಮಕ್ಕಳು ಆಶ್ರಮದಲ್ಲಿ ಇರಲೇ ಇಲ್ಲ.

ತಲೆ ಕೆಡುವುದು ಇಲ್ಲೇ. ಮನೆ ಸೇರಿದ ಆ ಮಕ್ಕಳನ್ನೂ ಲೆಕ್ಕದಲ್ಲಿ ಆಶ್ರಮದ ಗುಂಪಿಗೇ ಸೇರಿಸುತ್ತಾರೆ! ಲಾಟರಿಯಲ್ಲಿ ಯಾವ ಗುಂಪು ಬಂತೋ ಲೆಕ್ಕದಲ್ಲಿ ಕೊನೆಯವರೆಗೂ ಅದೇ ಗುಂಪು, ಇದಕ್ಕೆ ಇಂಟೆನ್ಷನ್ ಟು ಟ್ರೀಟ್ ಅನಾಲಿಸಿಸ್ ಅನ್ನುತ್ತಾರೆ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾನು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ನೋಡಿದೆ. ಅಂಕಿಗಳೆಲ್ಲ ನಾನೇ ಇಟ್ಟುಕೊಂಡವು, ಅಧ್ಯಯನದವಲ್ಲ.

ಎರಡೂ ಗುಂಪಿನಲ್ಲಿ ಹತ್ತು ಹತ್ತು ಮಕ್ಕಳಿದ್ದಾರೆ ಅಂತ ಇಟ್ಟುಕೊಳ್ಳಿ. ಯಾವುದೋ ಒಂದು ಪರೀಕ್ಷೆ, ಅಂಕ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಫಾಸ್ಟರ್ ಗುಂಪಿನ ಸರಾಸರಿ ಅಂಕ 84. ಆಶ್ರಮದ ಗುಂಪಿನಲ್ಲಿ ನಾಲ್ಕು ಮಕ್ಕಳದು 90, ಆರು ಮಕ್ಕಳದು 70. ಅವರ ಸರಾಸರಿ 78. ವ್ಯತ್ಯಾಸ 6.

ಆ 90ರ ನಾಲ್ಕು ಮಕ್ಕಳು ನಡುವೆಯೇ ಯಾವುದೋ ಮನೆ ಸೇರಿದ್ದರು ಅಂದುಕೊಳ್ಳಿ. 'ಮನೆಗೆ ಹೋದವು ಅಲ್ವಾ, ಹಾಗಾದರೆ ಫಾಸ್ಟರ್ ಗುಂಪಿಗೆ ಹಾಕೋಣ' ಅಂತ ದಾಟಿಸಿದರೆ? ಫಾಸ್ಟರ್ ಗುಂಪು: 840 ಕೂಡಿಸು 360, ಒಟ್ಟು 1200. ಹದಿನಾಲ್ಕರಿಂದ ಭಾಗಿಸಿದರೆ ಸುಮಾರು 85.7. ಆಶ್ರಮದ ಗುಂಪಿನಲ್ಲಿ ಉಳಿದದ್ದು 70ರ ಆರು ಮಕ್ಕಳು ಮಾತ್ರ. ವ್ಯತ್ಯಾಸ 6 ಇದ್ದದ್ದು 15.7 ಆಯಿತು. ಒಂದು ಮಗುವಿನ ಅಂಕವೂ ಬದಲಾಗಿಲ್ಲ. ಮಕ್ಕಳನ್ನು ಆ ಕಡೆಯಿಂದ ಈ ಕಡೆಗೆ ಹಾಕಿದ್ದಷ್ಟೇ.

ಆ ನಾಲ್ಕು ಮಕ್ಕಳೇ ಯಾಕೆ ಮನೆ ಸೇರಿದರು? ಮನೆಗೆ ಹೋದದ್ದರಿಂದ 90 ಬಂತೋ, ಮೊದಲೇ ಚುರುಕಾಗಿ, ನಗುನಗುತ್ತಾ ಇದ್ದದ್ದರಿಂದ ಯಾರೋ ಆರಿಸಿಕೊಂಡರೋ? ಹೇಳಲು ದಾರಿಯೇ ಇಲ್ಲ. ಲಾಟರಿಯ ಉದ್ದೇಶವೇ ಈ ಆರಿಸುವ ಕೈಯನ್ನು ದೂರ ಇಡುವುದು. ಮಕ್ಕಳನ್ನು ಆಮೇಲೆ ದಾಟಿಸಿದರೆ ಅದೇ ಕೈ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ದಾಟಿಸದೆ ಬಿಟ್ಟರೆ ಸಾಮಾನ್ಯವಾಗಿ ವ್ಯತ್ಯಾಸ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಯಾಕೆಂದರೆ ಆಶ್ರಮದ ಗುಂಪಿನ ಕೆಲವರಿಗೂ ಮನೆಯ ಆರೈಕೆ ಸಿಕ್ಕಿದೆ. ಅಷ್ಟಾದರೂ ವ್ಯತ್ಯಾಸ ಉಳಿದರೆ ನಂಬಬಹುದು.

ಉಳಿಯಿತು. ನಾಲ್ಕೂವರೆ ವರ್ಷಕ್ಕೆ ಆತಂಕ, ಖಿನ್ನತೆಯಂಥ ಒಳಮುಖದ ತೊಂದರೆಗಳು ಆಶ್ರಮದ ಗುಂಪಿನಲ್ಲಿ 44.2%, ಫಾಸ್ಟರ್ ಗುಂಪಿನಲ್ಲಿ 22%. ಗಮನ ನಿಲ್ಲದ, ಅತಿಯಾಗಿ ಚಟುವಟಿಕೆಯಿಂದಿರುವ ತೊಂದರೆಯಾದ ಎಡಿಎಚ್‌ಡಿಯಲ್ಲಿ ಮಾತ್ರ ಅಂಥ ಲಾಭ ಕಾಣಲಿಲ್ಲ. ಪ್ರೀತಿಯ ಮನೆ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಈ ಕೊನೆಯ ಸಾಲನ್ನು ಓದುವುದೇ ಇಲ್ಲ.

ಎರಡು ಬೇರೆ ತೊಂದರೆಗಳು

ಇದು ಚಿಕ್ಕದು, ಆದರೆ ಪರೀಕ್ಷೆಗೆ ಬರುತ್ತದೆ. ನೋವಾದಾಗಲೂ ಯಾರ ಹತ್ತಿರವೂ ಹೋಗದ ಮಗು ಒಂದು ಥರ. ಗುರುತೇ ಇಲ್ಲದವರ ಕೈ ಹಿಡಿದು ಹೊರಟುಬಿಡುವ ಮಗು ಇನ್ನೊಂದು ಥರ. ಅಮೆರಿಕದ ಮನೋವೈದ್ಯರ ಕಾಯಿಲೆಗಳ ಕೈಪಿಡಿ, 2013ರ ಡಿಎಸ್‌ಎಂ-5, ಇವನ್ನು ಬೇರೆ ಬೇರೆ ಕಾಯಿಲೆಗಳೆಂದು ವಿಂಗಡಿಸಿತು. ಒಳ್ಳೆಯ ಮನೆ ಸಿಕ್ಕರೆ ಮೊದಲನೆಯದು ಬೇಗ ಇಳಿಯುತ್ತದೆ. ಎರಡನೆಯದು ಸುಲಭಕ್ಕೆ ಬಿಡುವುದಿಲ್ಲ.

ಕ್ಲಿನಿಕ್‌ನ ಲೆಕ್ಕ

2005ರಲ್ಲಿ ಯೂಫರ್ ಮತ್ತು ವಾನ್ ಐಜೆಂಡೋರ್ನ್ ಎಂಬ ಸಂಶೋಧಕರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ದತ್ತು ಮಕ್ಕಳಲ್ಲಿ ವರ್ತನೆಯ ತೊಂದರೆ ಬೇರೆ ಮಕ್ಕಳಿಗಿಂತ ಸ್ವಲ್ಪ ಜಾಸ್ತಿ, ಎಫೆಕ್ಟ್ ಸೈಜ್ (ಎರಡು ಗುಂಪುಗಳ ನಡುವಿನ ಅಂತರ ಎಷ್ಟು ದೊಡ್ಡದು ಅನ್ನುವ ಅಳತೆ) 0.16ರಿಂದ 0.24. ಆದರೆ ಮಾನಸಿಕ ಆರೋಗ್ಯ ಸೇವೆಗೆ ಬರುವುದರಲ್ಲಿ ಅದು 0.72! ತೊಂದರೆ ಚಿಕ್ಕದು, ಕ್ಲಿನಿಕ್‌ನಲ್ಲಿ ಸಾಲು ದೊಡ್ಡದು.

ಯಾಕೆ ಹೀಗೆ? ದತ್ತು ತಂದೆತಾಯಿ ಮಗುವಿನ ವಿಷಯದಲ್ಲಿ ಜಾಸ್ತಿ ಎಚ್ಚರವಾಗಿರಬಹುದು, ಸಹಾಯ ಕೇಳಲು ಬೇಗ ಮುಂದಾಗಬಹುದು. ಸ್ವಲ್ಪ ಜನರ ತೊಂದರೆ ಬಹಳ ದೊಡ್ಡದಿರಲೂಬಹುದು. ಏನೇ ಇರಲಿ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತು ಎಣಿಸಿ 'ದತ್ತು ಮಕ್ಕಳಲ್ಲಿ ಇಷ್ಟು ಸಮಸ್ಯೆ' ಅಂತ ಬರೆದ ಪೇಪರ್ ಕಂಡರೆ ಹುಷಾರು.

ನಮ್ಮಲ್ಲಿ ಸಂಶೋಧನೆ ಮಾಡುವುದಾದರೆ

2022ರ ದತ್ತು ನಿಯಮಗಳ ಪ್ರಕಾರ ಮಗು ಮನೆ ಸೇರಿದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ವರದಿ ಆಗಬೇಕು. ಒಂದು ವರ್ಷದ ಮಗುವನ್ನು ತಂದರೆ ಮೂರಕ್ಕೆ ಅದು ಮುಗಿಯಿತು. 'ನನ್ನನ್ನು ಯಾಕೆ ಬಿಟ್ಟರು' ಅನ್ನುವ ಪ್ರಶ್ನೆ ಮೂರು ವರ್ಷಕ್ಕೆ ಬರುತ್ತದಾ? ಅದು ಜೋರಾಗಿ ಬರುವುದು ಹೈಸ್ಕೂಲ್ ವಯಸ್ಸಿಗೆ. ಬೆಂಬಲ ಅಷ್ಟು ಬೇಗ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನಾವಳಿಗೆ ಎಲ್ಲರೂ ಎಸ್‌ಡಿಕ್ಯೂ ಹಿಡಿಯುತ್ತಾರೆ, ಮಕ್ಕಳ ವರ್ತನೆ, ಭಾವನೆಗಳ ತೊಂದರೆ ಅಳೆಯುವ ಪ್ರಶ್ನಾವಳಿ ಅದು. 25 ಪ್ರಶ್ನೆ, ಕನ್ನಡದಲ್ಲೂ ಇದೆ. ಅಂಕ ಕೂಡಿಸುವಾಗ ಒಳ್ಳೆಯ ನಡತೆಯ ಐದು ಪ್ರಶ್ನೆಗಳನ್ನು ಬಿಡಿ, ಉಳಿದ ಇಪ್ಪತ್ತರದ್ದೇ ಒಟ್ಟು ಮೊತ್ತ, ಗರಿಷ್ಠ 40. ಆದರೆ ಅಪರಿಚಿತರ ಜೊತೆ ಹೊರಟುಬಿಡುವ ಮಗುವಿನ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇಲ್ಲ. ಆ ಕಡೆ ನೋಡಲು ಟ್ಯಾರನ್-ಸ್ವೀನಿ ಎಂಬ ಸಂಶೋಧಕರು ಇಂಥ ಮಕ್ಕಳಿಗೆಂದೇ ಮಾಡಿದ ಚೆಕ್‌ಲಿಸ್ಟ್‌ಗಳಿವೆ.

ಇನ್ನು ಕುಟುಂಬಗಳನ್ನು ಹುಡುಕುವ ಮಾತು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಗುರುತು ಹೊರಬೀಳುವುದನ್ನು ತಡೆಯುತ್ತದೆ, ಅದು ಸರಿಯೇ. ಹಾಗಾಗಿ ಪಟ್ಟಿ ನಮ್ಮ ಕೈಗೆ ಬರುವುದಿಲ್ಲ. ದತ್ತು ಸಂಸ್ಥೆಯೇ ಕುಟುಂಬಗಳಿಗೆ ಪತ್ರ ಕಳಿಸಬೇಕು, ಒಪ್ಪಿದವರು ನಮ್ಮನ್ನು ಸಂಪರ್ಕಿಸಬೇಕು. ಆಗ ಎಷ್ಟು ಪತ್ರ ಹೋಯಿತು, ಎಷ್ಟು ಉತ್ತರ ಬಂತು ಅನ್ನುವುದನ್ನು ಸಂಸ್ಥೆಯಿಂದ ಕೇಳಿ ಬರೆದಿಟ್ಟುಕೊಳ್ಳಿ. ಉತ್ತರ ಕೊಡದವರ ಮಕ್ಕಳ ವಯಸ್ಸು, ಮನೆ ಸೇರಿದಾಗಿನ ವಯಸ್ಸು, ಹೆಸರಿಲ್ಲದೆ ಬರೀ ಸರಾಸರಿಯಾಗಿ ಸಿಕ್ಕರೆ ಇನ್ನೂ ಒಳ್ಳೆಯದು. ಈ ಮಕ್ಕಳು ಈ ಗುಂಪಿಗೆ ಹೇಗೆ ಬಂದರು ಅಂತ ವೈವಾದಲ್ಲಿ ಗೈಡ್ ಕೇಳುವ ಮೊದಲ ಪ್ರಶ್ನೆಗೆ ಬೇಕಾಗುವುದು ಅದೇ.