ಗೇಮ್‌ನಲ್ಲಿ ‘ಬ್ಯಾಲೆನ್ಸ್’ ಅಂದರೆ ಏನು, ಏನಲ್ಲ

“ಹಳೇ ಡಾರ್ಕ್ ಸೋಲ್ಸ್‌ಗಿಂತ ರೀಮಾಸ್ಟರ್ಡ್‌ನಲ್ಲಿ ಬ್ಯಾಲೆನ್ಸ್ ಚೊಲೋ ಉಂಟು ಮಾರಾಯ, ಎಷ್ಟು ಸ್ಮೂತಾಗಿ ಓಡ್ತದೆ!” ನಮ್ಮ ಗೇಮಿಂಗ್ ಗುಂಪಿನಲ್ಲಿ ಕುಮಟಾದ ಹುಡುಗನೊಬ್ಬ ಮೊನ್ನೆ ಹೀಗೆ ಬರೆದ. ಅದರ ಕೆಳಗೇ ಶಿರಸಿಯ ಇನ್ನೊಬ್ಬನ ಉತ್ತರ: “ಎಂತ ಬ್ಯಾಲೆನ್ಸು? ನಂಗೆ ಎರಡೇ ಏಟಿಗೆ ಹೊಡೆದು ಹಾಕಿದ.” ಡಾರ್ಕ್ ಸೋಲ್ಸ್ ಅಂದರೆ ಕತ್ತಿ, ಮಂತ್ರ ಹಿಡಿದು ಹೊಡೆದಾಡುವ ವಿಡಿಯೋ ಗೇಮ್. ರೀಮಾಸ್ಟರ್ಡ್ ಅಂದರೆ ಅದನ್ನೇ ತಿದ್ದಿ ತೀಡಿ ಮತ್ತೆ ಬಿಟ್ಟದ್ದು. ಮೊದಲನೆಯವನು ಹೇಳಿದ್ದು ಫ್ರೇಮ್‌ರೇಟ್ ಬಗ್ಗೆ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದರ ಬಗ್ಗೆ. ಎರಡನೆಯವನು ಹೇಳಿದ್ದು ತಾನು ಸೋತ ಬಗ್ಗೆ. ಬ್ಯಾಲೆನ್ಸ್ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಈ ಪದ ಹೀಗೆ ಬಳಕೆಯಾಗುವುದನ್ನು ನೋಡಿ ನೋಡಿ ಸಾಕಾಗಿದೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಬೇರೆ ಬೇರೆ ಆಯುಧ ಹಿಡಿದ, ಬೇರೆ ಬೇರೆ ರೀತಿ ಪಾತ್ರ ಬೆಳೆಸಿದ ಇಬ್ಬರು ಎದುರಾದಾಗ ಇಬ್ಬರಿಗೂ ಗೆಲ್ಲುವ ದಾರಿ ಇದೆಯಾ? ಬ್ಯಾಲೆನ್ಸ್ ಅಂದರೆ ಈ ಒಂದು ಪ್ರಶ್ನೆ. ಗೇಮ್ ಕಷ್ಟವೋ ಸುಲಭವೋ ಅನ್ನುವುದು ಬೇರೆ ವಿಷಯ. ಓಡುವುದು ನಯವಾಗಿದೆಯಾ ಅನ್ನುವುದು ಮತ್ತೊಂದು. ನೆಟ್ ಹೇಗಿದೆ ಅನ್ನುವುದು ಇನ್ನೂ ಒಂದು.

ಪದದ ಮೂಲಕ್ಕೆ ಹೋದರೆ ಗೊಂದಲ ಎಲ್ಲಿಂದ ಶುರುವಾಯಿತು ಅಂತ ಕಾಣುತ್ತದೆ. ಇಂಗ್ಲಿಷಿನ ಬ್ಯಾಲೆನ್ಸ್ ಹುಟ್ಟಿದ್ದು ಲ್ಯಾಟಿನ್ನಿನ ‘ಬಿಲಾಂಕ್ಸ್’ ಪದದಿಂದ. ‘ಬಿ’ ಅಂದರೆ ಎರಡು, ‘ಲಾಂಕ್ಸ್’ ಅಂದರೆ ತಟ್ಟೆ. ಎರಡು ತಟ್ಟೆಯದ್ದು, ಅಂದರೆ ತಕ್ಕಡಿ. ನಮ್ಮ ‘ಸಮತೋಲ’ದಲ್ಲೂ ತೂಗುವ ಮಾತೇ ಇದೆ. ಎರಡೂ ಭಾಷೆಯವರು ಒಂದೇ ವಸ್ತುವನ್ನು ನೋಡಿ ಪದ ಮಾಡಿಕೊಂಡಿದ್ದಾರೆ. ಆದರೆ ಆಮೇಲೆ ನಮ್ಮಲ್ಲಿ ಬ್ಯಾಲೆನ್ಸ್ ಅಂದರೆ ಮೊಬೈಲಿನ ಬಾಕಿ, ಪಾಸ್‌ಬುಕ್ಕಿನ ಕೊನೆ ಸಾಲು, ಬೈಕ್ ಮೇಲೆ ಬೀಳದೆ ಕೂರುವುದು ಎಂದೆಲ್ಲ ಆಯಿತು. ತಕ್ಕಡಿ ಮರೆತೇ ಹೋಯಿತು. ತಕ್ಕಡಿ ನೆನಪಿರುವವರೂ ಎರಡೂ ತಟ್ಟೆಯಲ್ಲಿ ಒಂದೇ ಸಾಮಾನು ಇರಬೇಕು ಅಂದುಕೊಳ್ಳುತ್ತಾರೆ. ನನ್ನ ದೊಡ್ಡ ತಕರಾರು ಇದೇ.

ಎಲೆಕ್ಟ್ರಾನಿಕ್ ತೂಕ ಬರುವ ಮೊದಲು ಶಿರಸಿಯ ಅಡಿಕೆ ಪೇಟೆಯಲ್ಲಿ ತೂಗುತ್ತಿದ್ದುದನ್ನು ಹಿರಿಯರಿಗೆ ಕೇಳಿ. ಒಂದು ತಟ್ಟೆಯಲ್ಲಿ ಚಾಲಿಯೋ ರಾಶಿಯೋ ಬೆಟ್ಟೆಯೋ. ಇನ್ನೊಂದರಲ್ಲಿ ಕಬ್ಬಿಣದ ತೂಕದ ಕಲ್ಲು. ಅಡಿಕೆಗೂ ಕಬ್ಬಿಣಕ್ಕೂ ಯಾವ ಹೋಲಿಕೆಯೂ ಇಲ್ಲ, ಆದರೂ ಮುಳ್ಳು ನಡುವೆ ನಿಲ್ಲುತ್ತದೆ. ಎರಡು ತಟ್ಟೆಯಲ್ಲೂ ಕಬ್ಬಿಣವನ್ನೇ ಇಟ್ಟರೂ ಮುಳ್ಳು ನಡುವೆಯೇ ನಿಲ್ಲುತ್ತದೆ, ಆದರೆ ಅದರಿಂದ ವ್ಯಾಪಾರ ಆಗುವುದಿಲ್ಲ. ಎಲ್ಲರ ಕೈಗೂ ಒಂದೇ ಕತ್ತಿ ಕೊಟ್ಟರೆ ಬ್ಯಾಲೆನ್ಸ್ ಸುಲಭವಾಗಿ ಸಿಗುತ್ತದೆ. ಈ ಗೇಮ್‌ಗಳನ್ನು ನಾವು ಆಡುವುದು ಅದಕ್ಕಲ್ಲ ಅಲ್ವಾ? ಒಬ್ಬ ಆಳೆತ್ತರದ ಕತ್ತಿ ಎಳೆದುಕೊಂಡು ಬರಬೇಕು, ಇನ್ನೊಬ್ಬ ಬರಿಗೈಯಲ್ಲಿ ಬೆಂಕಿ ಹಿಡಿದು ಬರಬೇಕು. ಇಬ್ಬರಿಗೂ ಎದೆ ಹೊಡೆದುಕೊಳ್ಳಬೇಕು.

ಇಲ್ಲೇ ಇನ್ನೊಂದು ಮಾತು. ಈ ಗೇಮ್‌ಗಳಲ್ಲಿ ‘ಪಾಯ್ಸ್’ ಅಂತ ಒಂದಿದೆ. ಏಟು ಬಿದ್ದರೂ ತತ್ತರಿಸದೆ ನಿಲ್ಲುವ ಶಕ್ತಿ ಅದು. ಆ ಪದವೂ ಹಳೆ ಫ್ರೆಂಚಿನ ತೂಕದ ಪದದಿಂದಲೇ ಬಂದದ್ದು. ಹಾಗಂತ ಎರಡನ್ನೂ ಕನ್ನಡದಲ್ಲಿ ‘ಸಮತೋಲನ’ ಅಂತ ಬರೆದುಬಿಟ್ಟರೆ ಓದುವವರಿಗೆ ತಲೆಬುಡ ತಿಳಿಯುವುದಿಲ್ಲ. ಪಾಯ್ಸ್ ಇರುವುದು ಒಂದು ಪಾತ್ರದ ಮೈಮೇಲೆ. ಬ್ಯಾಲೆನ್ಸ್ ಇರುವುದು ಎರಡು ಪಾತ್ರಗಳ ನಡುವೆ. ಮೊದಲ ಡಾರ್ಕ್ ಸೋಲ್ಸ್‌ನಲ್ಲಿ ಭಾರದ ಕವಚ ತೊಟ್ಟರೆ ಪಾಯ್ಸ್ ಯಾವಾಗಲೂ ಜೊತೆಗಿರುತ್ತಿತ್ತು. ಸಣ್ಣ ಕತ್ತಿಯ ಏಟುಗಳನ್ನು ಲೆಕ್ಕಿಸದೆ ನುಗ್ಗಬಹುದಿತ್ತು. ಮೂರನೆಯದರಲ್ಲಿ ಅದು ಭಾರದ ಆಯುಧ ಬೀಸುವ ಹೊತ್ತಿಗೆ ಮಾತ್ರ ಕೆಲಸಕ್ಕೆ ಬರುವಂತೆ ಮಾಡಿದರು. ಜನ ಸಿಟ್ಟಾದರು. ಕವಚದ ಆಟ ಬೇರೆಯಾಯಿತು ಎಂಬುದು ನಿಜ. ಬ್ಯಾಲೆನ್ಸ್ ಕೆಟ್ಟಿತೋ ಸುಧಾರಿಸಿತೋ ಅನ್ನುವುದನ್ನು ಬೇರೆಯಾಗಿಯೇ ನೋಡಬೇಕು.

ಕಷ್ಟದ ವಿಷಯ ಬೇಗ ಮುಗಿಸುತ್ತೇನೆ. ಬಾಸ್, ಅಂದರೆ ಗೇಮೇ ಎದುರಿಗೆ ನಿಲ್ಲಿಸುವ ದೊಡ್ಡ ಶತ್ರು, ನಿಮ್ಮನ್ನು ರಾತ್ರಿಯಿಡೀ ಸಾಯಿಸಿದರೆ ಗೇಮ್ ಕಷ್ಟ ಇದೆ ಅನ್ನಿ. ಬಾಸ್‌ಗೂ ನಿಮಗೂ ಸಮಬಲ ಇರಬೇಕು ಅಂತ ಯಾರೂ ಮಾತು ಕೊಟ್ಟಿಲ್ಲ.

ಈಗ ವರ್ಷನ್‌ಗಳ ಹೋಲಿಕೆಗೆ ಬರೋಣ. ಡಾರ್ಕ್ ಸೋಲ್ಸ್ ಬಂದದ್ದು 2011ರಲ್ಲಿ, ಫ್ರಮ್‌ಸಾಫ್ಟ್‌ವೇರ್‌ನಿಂದ. ನಿರ್ದೇಶಕ ಹಿದೆತಾಕಾ ಮಿಯಾಝಾಕಿ. ಪಿಸಿಗೆ ‘ಪ್ರಿಪೇರ್ ಟು ಡೈ’ ಎಡಿಷನ್ 2012ರಲ್ಲಿ ಬಂತು, ಅದೂ ಸೆಕೆಂಡಿಗೆ 30 ಫ್ರೇಮ್‌ಗೆ ಕಟ್ಟಿಹಾಕಿ. ರೀಮಾಸ್ಟರ್ಡ್ ಬಂದದ್ದು 2018ರಲ್ಲಿ. ಪಿಸಿ, ಪಿಎಸ್4, ಎಕ್ಸ್‌ಬಾಕ್ಸ್ ಒನ್‌ನಲ್ಲಿ 60 ಫ್ರೇಮ್, ಸ್ವಿಚ್‌ನಲ್ಲಿ 30. ಕುಮಟಾದ ಹುಡುಗ ಮೆಚ್ಚಿಕೊಂಡ ನಯ ಇದೇ. ಕಣ್ಣಿಗೆ ಹಿತ, ಒಪ್ಪುತ್ತೇನೆ. ಆದರೆ ಅದು ಇಬ್ಬರಿಗೂ ಒಂದೇ ಅಳತೆಯಲ್ಲಿ ಸಿಕ್ಕಿದೆ. ಆಯುಧಗಳ ಲೆಕ್ಕ ಬಹುಮಟ್ಟಿಗೆ ಹಳೆಯದೇ ಇದೆ.

ಹಾಗಾದರೆ ರೀಮಾಸ್ಟರ್ಡ್‌ನಲ್ಲಿ ಬ್ಯಾಲೆನ್ಸ್ ಬದಲಾಗಲೇ ಇಲ್ಲವಾ? ಬದಲಾಯಿತು, ಚೆನ್ನಾಗಿಯೇ ಬದಲಾಯಿತು. ಆದರೆ ಜನ ಹುಡುಕುವ ಜಾಗದಲ್ಲಿ ಅಲ್ಲ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಈ ಗೇಮ್‌ಗಳಲ್ಲಿ ಆನ್‌ಲೈನ್ ಇದ್ದಾಗ ಒಬ್ಬ ಆಟಗಾರ ಇನ್ನೊಬ್ಬನ ಆಟದೊಳಗೆ, ಅಂದರೆ ಅವನ ‘ಲೋಕ’ಕ್ಕೆ, ನುಗ್ಗಿ ಹೊಡೆದಾಡಬಹುದು. ಹಳೆಯ ಗೇಮ್‌ನಲ್ಲಿ ಯಾರು ಯಾರ ಲೋಕಕ್ಕೆ ನುಗ್ಗಬಹುದು ಅಂತ ತೀರ್ಮಾನಿಸುವಾಗ ಸೋಲ್ ಲೆವೆಲ್ ಮಾತ್ರ ನೋಡುತ್ತಿದ್ದರು. ಶತ್ರುಗಳನ್ನು ಕೊಂದಾಗ ಸಿಗುವ ‘ಸೋಲ್’ ಖರ್ಚು ಮಾಡಿ ಪಾತ್ರವನ್ನು ಏರಿಸಿದ ಮಟ್ಟ ಅದು. ಕೈಯಲ್ಲಿರುವ ಆಯುಧ ಎಷ್ಟು ಹದ ಮಾಡಿದ್ದು ಅಂತ ನೋಡುತ್ತಿರಲಿಲ್ಲ. ಗೇಮ್‌ನ ಶುರುವಿನ ಜಾಗಗಳಲ್ಲಿ ಒಂದಾದ ಅನ್‌ಡೆಡ್ ಬರ್ಗ್‌ನಲ್ಲಿ ಹೊಸಬನೊಬ್ಬ ನಿಂತಿದ್ದಾನೆ ಅನ್ನಿ. ಲೆವೆಲ್ ಹತ್ತು ಹನ್ನೆರಡು. ಕತ್ತಿಗೆ ಒಂದೆರಡು ಸಲ ಪುಟ ಕೊಟ್ಟಿದ್ದಾನೆ, ಅಷ್ಟೇ. ಕೆಂಪು ಆಕೃತಿಯೊಂದು ಒಳಗೆ ಬರುತ್ತದೆ. ಅದರ ಲೆವೆಲ್ಲೂ ಅಷ್ಟೇ. ಆದರೆ ಅದನ್ನು ಆಡುವವನು ಗೇಮ್‌ನಲ್ಲಿ ತುಂಬಾ ದೂರ ಹೋಗಿ, ಸಿಕ್ಕ ಸೋಲ್‌ಗಳಲ್ಲಿ ಒಂದನ್ನೂ ಲೆವೆಲ್‌ಗೆ ಹಾಕದೆ, ಎಲ್ಲವನ್ನೂ ಬೆಂಕಿ ಮಂತ್ರ ಹಾಕುವ ಪೈರೋಮ್ಯಾನ್ಸಿ ಫ್ಲೇಮ್‌ಗೆ ಸುರಿದಿದ್ದಾನೆ. ಆ ಗೇಮ್‌ನಲ್ಲಿ ಬೆಂಕಿ ಮಂತ್ರದ ಏಟು ಪಾತ್ರದ ಬಲ ಬುದ್ಧಿ ಯಾವುದನ್ನೂ ಕೇಳುವುದಿಲ್ಲ. ಫ್ಲೇಮ್ ಎಷ್ಟು ಬೆಳೆದಿದೆ ಅಂತ ಮಾತ್ರ ನೋಡುತ್ತದೆ. ಅಂಗೈ ಚಾಚಿ ಬೆಂಕಿ ಸಿಡಿಸಿದ, ಹೊಸಬ ಬೂದಿಯಾದ. ಅವನ ಎಸ್ಟಸ್, ಅಂದರೆ ಜೀವ ತುಂಬುವ ಮದ್ದು, ಇನ್ನೂ ತುಂಬಿಕೊಂಡೇ ಇತ್ತು. ಇಂಥ ಪಾತ್ರಕ್ಕೆ ಆಡುವವರು ‘ಟ್ವಿಂಕ್’ ಅನ್ನುತ್ತಾರೆ.

ಇಲ್ಲಿ ಯಾವ ಆಯುಧ ‘ಓಪಿ’, ಅಂದರೆ ಮಿತಿಮೀರಿದ ಬಲದ್ದು? ಯಾವುದೂ ಅಲ್ಲ. ಅದೇ ಫ್ಲೇಮ್ ಹಿಡಿದು ತನ್ನ ಸರೀಕನ ಎದುರು ನಿಂತರೆ ಅದು ನ್ಯಾಯವಾದ ಆಯುಧವೇ. ತಪ್ಪಾದದ್ದು ಜೋಡಿ ಹಾಕುವುದರಲ್ಲಿ. ರೀಮಾಸ್ಟರ್ಡ್ ಮುಟ್ಟಿದ್ದು ಇದನ್ನೇ. ಲೆವೆಲ್ ಜೊತೆಗೆ ಆಯುಧದ ಹದವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಹಳೆಯದರಲ್ಲಿ ಜಗಳದ ನಡುವೆ ಹ್ಯೂಮ್ಯಾನಿಟಿ ಅನ್ನುವ ವಸ್ತು ನುಂಗಿ ಜೀವ ಪೂರ್ತಿ ತುಂಬಿಕೊಳ್ಳುತ್ತಿದ್ದರು. ಯಾರ ಚೀಲದಲ್ಲಿ ಜಾಸ್ತಿ ಇದೆಯೋ ಅವರು ಗೆದ್ದರು. ಹೊಸದರಲ್ಲಿ ಆಟಗಾರರ ನಡುವಿನ ಜಗಳದಲ್ಲಿ ಎಸ್ಟಸ್ ಬಿಟ್ಟು ಬೇರೆ ಮದ್ದು ನಡೆಯುವುದಿಲ್ಲ. ಒಂದೇ ಲೋಕದಲ್ಲಿ ನಾಲ್ವರ ಬದಲು ಆರು ಜನ ಸೇರಬಹುದು ಅಂತಲೂ ಮಾಡಿದರು. ಬ್ಯಾಲೆನ್ಸ್ ಬಗ್ಗೆ ಮಾತಾಡುವುದಿದ್ದರೆ ಈ ಮೂರು ಬದಲಾವಣೆ ಹಿಡಿದು ಮಾತಾಡಿ. ಕತ್ತಿ ಮೊದಲಿಗಿಂತ ಜೋರಾಗಿ ಬೀಸುತ್ತದೆ ಅನ್ನಿಸುವುದು ಫ್ರೇಮ್ ಜಾಸ್ತಿಯಾದ್ದರಿಂದ.

ಡಾರ್ಕ್ ಸೋಲ್ಸ್ 2ರಲ್ಲಿ ಇದೇ ರೋಗಕ್ಕೆ ಬೇರೆ ಮದ್ದು ಕೊಟ್ಟಿದ್ದರು. 2014ರಲ್ಲಿ ಬಂದ ಆ ಗೇಮ್ ‘ಸೋಲ್ ಮೆಮರಿ’ ತಂದಿತು. ನೀವು ಇದುವರೆಗೆ ಗಳಿಸಿದ ಒಟ್ಟು ಸೋಲ್ ಎಷ್ಟು, ಅದರ ಮೇಲೆ ಜೋಡಿ. ಖರ್ಚು ಮಾಡಿದ್ದೂ ಲೆಕ್ಕ, ಸತ್ತು ಕಳೆದುಕೊಂಡದ್ದೂ ಲೆಕ್ಕ. ಉದ್ದೇಶ ಒಳ್ಳೆಯದು. ಹೊಸಬರನ್ನು ಟ್ವಿಂಕ್‌ಗಳಿಂದ ಉಳಿಸುವುದು. ಆದರೆ ಆದದ್ದೇನು? ಮತ್ತೆ ಮತ್ತೆ ಸತ್ತು ಸೋಲ್ ಕಳೆದುಕೊಂಡವನ ಲೆಕ್ಕವೂ ಏರುತ್ತಲೇ ಹೋಯಿತು. ಕೈಯಲ್ಲಿ ಏನೂ ಇಲ್ಲದಿದ್ದರೂ ಎದುರಿಗೆ ಬಲವಾದವರು ಬಂದು ನಿಂತರು. ಜೊತೆಗೆ ಆಡಲು ಶುರು ಮಾಡಿದ ಗೆಳೆಯರಲ್ಲಿ ಒಬ್ಬ ಜಾಸ್ತಿ ಆಡಿದರೆ ಇನ್ನೊಬ್ಬನಿಗೆ ಸಿಗದಂತಾದ. ಒಂದೇ ಲೆವೆಲ್‌ನಲ್ಲಿ ನಿಂತು ಸಮಬಲದ ಜಗಳ ಆಡುತ್ತಿದ್ದವರಿಗಂತೂ ನಿಲ್ಲಲು ನೆಲೆಯೇ ಇಲ್ಲವಾಯಿತು. 2015ರಲ್ಲಿ ಅಗಾಪೆ ರಿಂಗ್ ಬಂತು. ತೊಟ್ಟರೆ ಸಿಕ್ಕ ಸೋಲ್‌ಗಳನ್ನು ಅದೇ ಹೀರಿಕೊಳ್ಳುತ್ತದೆ, ಲೆಕ್ಕ ಏರುವುದಿಲ್ಲ. ಸೋಲ್ ಮೆಮರಿ ತಪ್ಪು ಅಳತೆಗೋಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಲ ಎಷ್ಟಿದೆ ಅಂತ ತಿಳಿಯಬೇಕಾದಲ್ಲಿ ಅದು ಎಷ್ಟು ಆಡಿದ್ದೀರಿ ಅಂತ ಎಣಿಸಿತು.

ಅದೇ ಗೇಮ್‌ನಲ್ಲಿ ಫ್ರೇಮ್‌ರೇಟ್ ನಿಜವಾಗಿಯೂ ಬ್ಯಾಲೆನ್ಸ್‌ಗೆ ಕೈ ಹಾಕಿದ ಒಂದು ಪ್ರಸಂಗವೂ ಇದೆ. ಪಿಸಿಯಲ್ಲಿ, ಆಮೇಲೆ ಅದರದ್ದೇ ಹೊಸ ಆವೃತ್ತಿಯಾದ 2015ರ ‘ಸ್ಕಾಲರ್ ಆಫ್ ದಿ ಫಸ್ಟ್ ಸಿನ್’ನಲ್ಲೂ, 60 ಫ್ರೇಮ್‌ನಲ್ಲಿ ಆಡಿದರೆ ಆಯುಧಗಳು 30ರಲ್ಲಿ ಆಡಿದ್ದಕ್ಕಿಂತ ಬೇಗ ಸವೆಯುತ್ತಿದ್ದವು. ಸವೆತದ ಲೆಕ್ಕವನ್ನು ಫ್ರೇಮ್‌ಗೆ ಗಂಟು ಹಾಕಿದ್ದೇ ಕಾರಣ. ಬಿದ್ದ ಹೆಣಕ್ಕೆ ಕತ್ತಿ ತಾಗಿದರೂ ಸವೆತ. ಎಲ್ಲರಿಗೂ ಒಂದೇ ತೊಂದರೆ ಅಂತ ಮೇಲುನೋಟಕ್ಕೆ ಕಾಣುತ್ತದೆ. ಆದರೆ ಕಟಾನಾ ಜಾತಿಯ ಕತ್ತಿಗಳ ಬಾಳಿಕೆ ಮೊದಲೇ ಕಡಿಮೆ. ಅವನ್ನು ನೆಚ್ಚಿಕೊಂಡವರಿಗೆ ಪೆಟ್ಟು ಜಾಸ್ತಿ ಬಿತ್ತು. ತಟ್ಟೆ ವಾಲುವುದು ಅಂದರೆ ಇದು. ಅದೇ ವರ್ಷ ಪ್ಯಾಚ್, ಅಂದರೆ ಗೇಮ್‌ಗೆ ತಿದ್ದುಪಡಿ, ಕೊಟ್ಟು ಸರಿಪಡಿಸಿದರು.

ನೆಟ್ ತಡವಾಗುವ ‘ಲ್ಯಾಗ್’ ಬಗ್ಗೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಘಟ್ಟದಲ್ಲಿ ಮರ ಬಿದ್ದು ಲೈನ್ ಹೋದರೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ಆದರೂ ಒಂದು ಲೆಕ್ಕ ಹೇಳುತ್ತೇನೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಕಾರವಾರದಿಂದ ಟೋಕಿಯೋ ನೇರ ದಾರಿಯಲ್ಲೇ ಸುಮಾರು 6,800 ಕಿ.ಮೀ. ಅಲ್ಲಿಯ ಆಟಗಾರ ಕತ್ತಿ ಎತ್ತಿದ ಸುದ್ದಿ ನಿಮಗೆ ಮುಟ್ಟಲು ಕಡಿಮೆಯೆಂದರೂ 34 ಮಿಲಿಸೆಕೆಂಡ್ ಬೇಕು. 60 ಫ್ರೇಮ್‌ನಲ್ಲಿ ಅದು ಎರಡು ಫ್ರೇಮ್. ಕೇಬಲ್ ಸುತ್ತಿ ಬರುವುದು, ನಡುವಿನ ಯಂತ್ರಗಳು ತೆಗೆದುಕೊಳ್ಳುವ ಹೊತ್ತು ಎಲ್ಲ ಸೇರಿದರೆ ಅದರ ಎಷ್ಟೋ ಪಟ್ಟು. ನಿಮ್ಮ ಪರದೆಯಲ್ಲಿ ರೋಲ್ ಮಾಡಿ ತಪ್ಪಿಸಿಕೊಂಡಿದ್ದೀರಿ, ಅವನ ಪರದೆಯಲ್ಲಿ ನೀವಿನ್ನೂ ನಿಂತೇ ಇದ್ದೀರಿ. ಬೆನ್ನಿಗೆ ಚುಚ್ಚಿಯಾಯಿತು. ಈ ಸಿಟ್ಟು ನ್ಯಾಯವಾದದ್ದೇ. ಅದನ್ನು ಅವನ ಆಯುಧದ ಮೇಲೆ ಹೊರಿಸಬೇಡಿ.

ಇದೇ ಫ್ರಮ್‌ಸಾಫ್ಟ್‌ವೇರ್‌ನ ಎಲ್ಡೆನ್ ರಿಂಗ್ ಆಡುವವರಲ್ಲಿ ‘ನರ್ಫ್’, ಅಂದರೆ ಪ್ಯಾಚ್‌ನಲ್ಲಿ ಬಲ ಇಳಿಸುವುದರ, ಜಗಳ ದೊಡ್ಡದು. ಗೇಮ್ ಬಂದದ್ದು 2022ರ ಫೆಬ್ರವರಿಯಲ್ಲಿ. ಮಾರ್ಚ್‌ನಲ್ಲೇ 1.03 ಪ್ಯಾಚ್ ಬಂದು ಹೋರ್‌ಫ್ರಾಸ್ಟ್ ಸ್ಟಾಂಪ್ ಎಂಬ ಹಿಮದ ವಿದ್ಯೆಯ ಏಟು ಇಳಿಸಿತು. ಅದನ್ನೇ ನಂಬಿ ಒಬ್ಬರೇ ಆಡುತ್ತಿದ್ದವರು ನೊಂದುಕೊಂಡರು. ಅವರ ನೋವಿಗೆ ಅರ್ಥ ಇದೆ. ಬಾಸ್ ಎದುರು ಆಡುವವನಿಗೆ ಬೇಕಾದ ಏಟೇ ಬೇರೆ, ಮನುಷ್ಯನ ಎದುರು ಆಡುವವನಿಗೆ ಬೇಕಾದ ಏಟೇ ಬೇರೆ. ಒಂದೇ ಅಂಕಿ ಎರಡೂ ಕಡೆ ದುಡಿಯುತ್ತಿತ್ತು. ಅದೇ ವರ್ಷದ ಅಕ್ಟೋಬರಿನ 1.07ರಲ್ಲಿ ಆಟಗಾರರ ನಡುವಿನ ಜಗಳಕ್ಕೆ ಏಟಿನ ಲೆಕ್ಕವನ್ನು ಬೇರೆಯಾಗಿ ಇಡಲು ಶುರು ಮಾಡಿದರು. ಈ ಕಂಪನಿಯ ಗೇಮ್‌ಗಳಲ್ಲಿ ಬ್ಯಾಲೆನ್ಸ್ ವಿಷಯಕ್ಕೆ ಆದ ಅತಿ ಒಳ್ಳೆಯ ಕೆಲಸ ಅಂದರೆ ನನ್ನ ಪ್ರಕಾರ ಇದು. ಆದರೂ ಪ್ಯಾಚ್ ಸಂಖ್ಯೆ ಹೇಳದೆ “ಎಲ್ಡೆನ್ ರಿಂಗ್‌ನಲ್ಲಿ ಆ ಕತ್ತಿ ಓಪಿ” ಅನ್ನುವವರು ಈಗಲೂ ಇದ್ದಾರೆ. ಯಾವ ತಿಂಗಳ ಎಲ್ಡೆನ್ ರಿಂಗ್?

“ಮೂವರು ಸೇರಿ ಒಬ್ಬನನ್ನು ಹೊಡೆದರು, ಇದೆಂಥ ಬ್ಯಾಲೆನ್ಸ್” ಅನ್ನುವ ದೂರು ಬೇರೆ ಥರದ್ದು. ಎಲ್ಡೆನ್ ರಿಂಗ್‌ನಲ್ಲಿ ಒಬ್ಬರೇ ಆಡುವವರ ಲೋಕಕ್ಕೆ, ಅವರೇ ಟಾಂಟರ್ಸ್ ಟಂಗ್ ಎಂಬ ವಸ್ತು ಬಳಸಿ ಕರೆಯದ ಹೊರತು, ಯಾರೂ ನುಗ್ಗುವ ಹಾಗಿಲ್ಲ. ಹಾಗಾಗಿ ನುಗ್ಗಿದವನಿಗೆ ಸಾಮಾನ್ಯವಾಗಿ ಎದುರಾಗುವುದು ಗುಂಪೇ. ಆದರೆ ಆ ಲೋಕದ ರಾಕ್ಷಸರು ಅವನನ್ನು ಮುಟ್ಟುವುದಿಲ್ಲ. ಅವರ ನಡುವೆ ಅಡಗಿ ಕಾಯುವುದೇ ಅವನ ಬಲ. ಎರಡೂ ಕಡೆ ತಲೆ ಸಮ ಇರಬೇಕು ಅನ್ನುವವರಿಗಾಗಿ 2022ರ ಡಿಸೆಂಬರಿನಲ್ಲಿ ಕೊಲೋಸಿಯಂ ತೆರೆದರು. ಅಲ್ಲಿ ಒಬ್ಬರಿಗೊಬ್ಬರು ನಿಂತು ಹೊಡೆದಾಡಬಹುದು.

ವರ್ಷನ್ ಹೋಲಿಸುವವರು ಇನ್ನೊಂದು ವಿಷಯ ಗಮನಿಸಲಿ. 2022ರ ಜನವರಿಯಲ್ಲಿ ಭದ್ರತೆಯ ದೋಷ ಪತ್ತೆಯಾಗಿ ಡಾರ್ಕ್ ಸೋಲ್ಸ್ ಸರಣಿಯ ಪಿಸಿ ಸರ್ವರ್‌ಗಳನ್ನು ನಿಲ್ಲಿಸಿದರು. ಮೂರನೆಯದು ಆಗಸ್ಟ್‌ನಲ್ಲಿ, ಸ್ಕಾಲರ್ ಅಕ್ಟೋಬರ್‌ನಲ್ಲಿ, ರೀಮಾಸ್ಟರ್ಡ್ ನವೆಂಬರ್‌ನಲ್ಲಿ ಮತ್ತೆ ಬಂದವು. ಪಿಸಿಯ ‘ಪ್ರಿಪೇರ್ ಟು ಡೈ’ಗೆ ಸರ್ವರ್ ಮರಳಿ ಬರಲೇ ಇಲ್ಲ. ಅದರಲ್ಲಿ ಆನ್‌ಲೈನ್ ಜಗಳದ ಬ್ಯಾಲೆನ್ಸ್ ಹೇಗಿದೆ ಅಂತ ಈಗ ಕೇಳುವುದರಲ್ಲಿ ಅರ್ಥವಿಲ್ಲ. ಕಾರವಾರದಲ್ಲೊಬ್ಬ, ಶಿರಸಿಯಲ್ಲೊಬ್ಬ ಸೇರಿ ಆಡುವ ಯೋಚನೆ ಇದ್ದರೆ ರೀಮಾಸ್ಟರ್ಡ್ ತಗೊಳ್ಳಿ, ಇಬ್ಬರೂ ಒಂದೇ ಯಂತ್ರಕ್ಕೆ ತಗೊಳ್ಳಿ. ಪಿಸಿಯವರಿಗೆ ಪಿಎಸ್4ನವರು ಅದರಲ್ಲಿ ಸಿಗುವುದಿಲ್ಲ. ಪಾಸ್‌ವರ್ಡ್ ಹಾಕಿಕೊಂಡರೆ ಒಬ್ಬರಿಗೊಬ್ಬರು ಬೇಗ ಸಿಗುತ್ತೀರಿ.