ನೇರ ದಾರಿ ಏಕೆ ನಿಧಾನ: ರೋಸಿ ಮಿಟರ್‌ಮೈಯರ್ ಮತ್ತು 0.12 ಸೆಕೆಂಡು

1976ರ ಫೆಬ್ರವರಿ 13ರಂದು, ಆಸ್ಟ್ರಿಯಾದ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನ ಮಹಿಳೆಯರ ಜೈಂಟ್ ಸ್ಲಾಲಮ್ ಸ್ಪರ್ಧೆಯಲ್ಲಿ (ಗೇಟು ಎಂದು ಕರೆಯುವ ಕಂಬಗಳನ್ನು ಬಳಸಿ ತಿರುಗುತ್ತ ಹಿಮದ ಇಳಿಜಾರಿನಲ್ಲಿ ಸ್ಕೀಗಳ ಮೇಲೆ ಇಳಿಯುವ ಓಟ) ಕೆನಡಾದ ಹದಿನೆಂಟರ ಹರೆಯದ ಕ್ಯಾಥಿ ಕ್ರೈನರ್ 1 ನಿಮಿಷ 29.13 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಪಶ್ಚಿಮ ಜರ್ಮನಿಯ ರೋಸಿ ಮಿಟರ್‌ಮೈಯರ್ ತೆಗೆದುಕೊಂಡದ್ದು 1 ನಿಮಿಷ 29.25 ಸೆಕೆಂಡು. ಅದಕ್ಕೂ ಮೊದಲಿನ ಐದೇ ದಿನಗಳಲ್ಲಿ ಅವರು ತಿರುವುಗಳು ಕಡಿಮೆಯಿರುವ, ಅತಿ ವೇಗದ ಡೌನ್‌ಹಿಲ್ ಮತ್ತು ಇನ್ನೂ ಬಿಗಿ ತಿರುವುಗಳ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದಿದ್ದರು. ಚಳಿಗಾಲವಿಡೀ ನಡೆಯುವ ಓಟಗಳ ಸರಣಿಯಾದ ಸ್ಕೀ ವಿಶ್ವಕಪ್‌ನಲ್ಲಿ ಒಮ್ಮೆಯೂ ಡೌನ್‌ಹಿಲ್ ಗೆಲ್ಲದಿದ್ದವರು ಅಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಗೆದ್ದದ್ದು ಎಲ್ಲರನ್ನೂ ಬೆರಗುಗೊಳಿಸಿತ್ತು. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರೂ ಸ್ಪರ್ಧೆಗಳನ್ನು ಗೆದ್ದವರು ಅದುವರೆಗೆ ಇಬ್ಬರೇ, 1956ರಲ್ಲಿ ಟೋನಿ ಸೈಲರ್ ಮತ್ತು 1968ರಲ್ಲಿ ಜಾನ್ ಕ್ಲೋಡ್ ಕಿಲ್ಲಿ. ಮಹಿಳೆಯರಲ್ಲಿ ಯಾರೂ ಇರಲಿಲ್ಲ.

ಇಂತಹ ಸೋಲನ್ನು ದುರದೃಷ್ಟದ ಲೆಕ್ಕಕ್ಕೆ ಬರೆದುಬಿಡುವ ಅಭ್ಯಾಸ ಕ್ರೀಡಾ ವರದಿಗಾರಿಕೆಯಲ್ಲಿ ಎಲ್ಲೆಡೆ ಇದೆ. ಇಲ್ಲಿ ಅದೃಷ್ಟಕ್ಕೆ ಕೆಲಸವೇ ಇರಲಿಲ್ಲ. ಅರ್ಧ ದಾರಿಯಲ್ಲಿ ರೋಸಿ ಸುಮಾರು ಅರ್ಧ ಸೆಕೆಂಡು ಮುಂದಿದ್ದರು. ಕೆಳಭಾಗದ ಒಂದು ಗೇಟಿಗೆ ಅವರು ತೀರ ನೇರವಾಗಿ ನುಗ್ಗಿದ್ದರಿಂದ ಮುನ್ನಡೆ ಕರಗಿಹೋಯಿತು. ನೇರವಾಗಿ ಹೋದರೆ ದಾರಿ ಕಡಿಮೆಯಾಗಬೇಕಲ್ಲವೇ, ಸಮಯವೂ ಉಳಿಯಬೇಕಲ್ಲವೇ? ದಾರಿ ಕಡಿಮೆಯಾಗುವುದು ನಿಜ. ಆದರೆ ಅತಿ ಚಿಕ್ಕ ದಾರಿಯೇ ಅತಿ ಬೇಗನೆಯ ದಾರಿ ಎಂಬ ನಂಬಿಕೆ ಇಳಿಜಾರಿನಲ್ಲಿ ಸುಳ್ಳಾಗುತ್ತದೆ.

ಗೆಲಿಲಿಯೊ 1638ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದ. ಎರಡು ಬಿಂದುಗಳ ನಡುವೆ ನೇರವಾಗಿ ಇಳಿಯುವ ವಸ್ತುವಿಗಿಂತ ವೃತ್ತಚಾಪದ ಮೇಲೆ ಇಳಿಯುವ ವಸ್ತು ಬೇಗ ತಲುಪುತ್ತದೆಂದು ಆತ ತೋರಿಸಿದ. ಆದರೆ ವೃತ್ತಚಾಪವೇ ಎಲ್ಲಕ್ಕಿಂತ ಬೇಗನೆಯ ದಾರಿ ಎಂದು ಭಾವಿಸಿ ಎಡವಿದ. ಯೋಹಾನ್ ಬರ್ನೌಲಿ 1696ರಲ್ಲಿ ಇದನ್ನೇ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದಾಗ ನ್ಯೂಟನ್, ಲೈಬ್ನಿಜ್ ಮೊದಲಾದವರು ಕಂಡುಕೊಂಡ ಉತ್ತರ ಸೈಕ್ಲಾಯ್ಡ್, ಅಂದರೆ ಉರುಳುವ ಚಕ್ರದ ಅಂಚಿನ ಬಿಂದುವೊಂದು ಎಳೆಯುವ ರೇಖೆ. ಮೊದಲಿಗೆ ಕಡಿದಾಗಿ ಇಳಿದು ಬೇಗನೆ ವೇಗ ಗಳಿಸಿಕೊಂಡರೆ, ಉಳಿದ ದಾರಿ ಉದ್ದವಾದರೂ ಒಟ್ಟು ಸಮಯ ಕಡಿಮೆ. ಬರ್ನೌಲಿಯ ಲೆಕ್ಕದಲ್ಲಿ ಘರ್ಷಣೆಯೂ ಇಲ್ಲ, ಗೇಟುಗಳೂ ಇಲ್ಲ. ಆದರೂ ಸ್ಕೀ ಓಟಗಾರರು ದಾರಿ ಆರಿಸುವಾಗ ಮಾಡುವ ಲೆಕ್ಕಾಚಾರ ಇದೇ ಜಾತಿಯದು.

ಈಗ ಗೇಟಿನ ಬಳಿ ನಡೆಯುವುದನ್ನು ನೋಡೋಣ. ಘಾಟಿ ರಸ್ತೆಯಲ್ಲಿ ಬಸ್ಸಿನ ಚಾಲಕ ತಿರುವು ಬರುವ ಮೊದಲೇ ಗಾಡಿಯನ್ನು ಹೊರ ಅಂಚಿಗೆ ಒಯ್ಯುವಂತೆ, ನುರಿತ ಓಟಗಾರ್ತಿ ಗೇಟಿಗಿಂತ ಮೇಲೆಯೇ ಅಗಲವಾಗಿ ಹೋಗಿ, ತಿರುವಿನ ಹೆಚ್ಚಿನ ಭಾಗವನ್ನು ಅಲ್ಲಿಯೇ ಮುಗಿಸಿಕೊಳ್ಳುತ್ತಾಳೆ. ಕಂಬಕ್ಕೇ ಗುರಿಯಿಟ್ಟು ಬಂದವಳಿಗೆ ದಿಕ್ಕು ಬದಲಿಸುವ ಇಡೀ ಕೆಲಸ ಗೇಟಿನ ಕೆಳಗೆ, ಇಕ್ಕಟ್ಟಾದ ಜಾಗದಲ್ಲಿ ಉಳಿದುಬಿಡುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳಲು ಗುರುತ್ವಕ್ಕಿಂತ ತುಸು ಹೆಚ್ಚಿನ ವೇಗೋತ್ಕರ್ಷ ಸಾಕು. ಅದೇ ವೇಗದಲ್ಲಿ ತ್ರಿಜ್ಯ 12 ಮೀಟರಿಗೆ ಇಳಿದರೆ ಅದು ಗುರುತ್ವದ ಸುಮಾರು 1.9 ಪಟ್ಟಿಗೆ ಏರುತ್ತದೆ. ಅಷ್ಟು ಬಲವನ್ನು ಸ್ಕೀಯ ಉಕ್ಕಿನ ಅಂಚು ಹಿಮದಿಂದ ಪಡೆಯಲಾರದಾದಾಗ ಸ್ಕೀ ಪಕ್ಕಕ್ಕೆ ಜಾರುತ್ತದೆ. ಹಾಗೆ ಜಾರುವ ಸ್ಕೀ ಹಿಮವನ್ನು ಕೆರೆದು ಎರಚುತ್ತದೆ, ಮತ್ತು ಅದಕ್ಕೆ ಬೇಕಾದ ಶಕ್ತಿ ಓಟಗಾರ್ತಿಯ ಚಲನಶಕ್ತಿಯಿಂದಲೇ ಖರ್ಚಾಗಬೇಕು.

ವೇಗ ಸೆಕೆಂಡಿಗೆ 15ರಿಂದ 14 ಮೀಟರಿಗೆ ಇಳಿಯಿತೆಂದು ಊಹಿಸಿ. ಕಳೆದುಹೋದ ಚಲನಶಕ್ತಿ ಸುಮಾರು ಒಂದೂವರೆ ಮೀಟರ್ ಎತ್ತರದ ಇಳಿಜಾರಿಗೆ ಸಮ. ಓಟಗಾರ್ತಿಯ ತೂಕ ಎಷ್ಟೇ ಇದ್ದರೂ ಉತ್ತರ ಇದೇ, ಏಕೆಂದರೆ ಲೆಕ್ಕದ ಎರಡೂ ಬದಿಗಳಲ್ಲಿ ದ್ರವ್ಯರಾಶಿ ಹೊಡೆದುಹೋಗುತ್ತದೆ. ಬೆಟ್ಟದ ಎತ್ತರವನ್ನು ಎರಡನೇ ಸಲ ಖರ್ಚು ಮಾಡಲು ಬರುವುದಿಲ್ಲ. ಆ ತಗ್ಗಿದ ವೇಗದಲ್ಲೇ ಮುಂದಿನ 30 ಮೀಟರ್ ಸಾಗಿದರೆ 2 ಸೆಕೆಂಡಿನ ಬದಲು 2.14 ಸೆಕೆಂಡು ಬೇಕು. ಇದು ರೋಸಿಯ ಓಟದ ಅಳತೆಯಲ್ಲ, ಕಾಗದದ ಮೇಲಿನ ಉದಾಹರಣೆ. ಆದರೂ ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ ಇಷ್ಟರಲ್ಲೇ ಮುಳುಗಿಹೋಗುತ್ತದೆ. ಆಗ ಮಹಿಳೆಯರ ಜೈಂಟ್ ಸ್ಲಾಲಮ್ ಒಂದೇ ಸುತ್ತಿನದಾಗಿದ್ದರಿಂದ ಸರಿಪಡಿಸಿಕೊಳ್ಳಲು ಎರಡನೇ ಅವಕಾಶವೂ ಇರಲಿಲ್ಲ.

ಬವೇರಿಯಾದ ರೈಟ್ ಇಮ್ ವಿಂಕ್ಲ್ ಬಳಿಯ ವಿಂಕಲ್‌ಮೋಸ್‌ಆಲ್ಮ್ ಎಂಬ ಬೆಟ್ಟದ ಮೇಲೆ ಬೆಳೆದ ರೋಸಿ, 1967ರಲ್ಲಿ ವಿಶ್ವಕಪ್ ಆರಂಭವಾದ ವರ್ಷದಿಂದಲೇ ಅದರಲ್ಲಿದ್ದವರು. ಇನ್ಸ್‌ಬ್ರುಕ್ ಅವರ ಮೂರನೆಯ ಒಲಿಂಪಿಕ್ಸ್. ಅದೇ ಋತುವಿನಲ್ಲಿ ವಿಶ್ವಕಪ್‌ನ ಸಮಗ್ರ ಪ್ರಶಸ್ತಿಯನ್ನೂ ಗೆದ್ದು, ಇಪ್ಪತ್ತೈದನೆಯ ವಯಸ್ಸಿನಲ್ಲೇ ಸ್ಪರ್ಧೆಯಿಂದ ನಿವೃತ್ತರಾದರು. 2023ರ ಜನವರಿಯಲ್ಲಿ ಅವರು ತೀರಿಕೊಂಡರು.

ಅವರ ಕಾಲದ ಸ್ಕೀಗಳು ಉದ್ದವಾಗಿ, ಬಹುಮಟ್ಟಿಗೆ ನೇರವಾಗಿದ್ದವು. ಬಿಗಿಯಾದ ತಿರುವಿನಲ್ಲಿ ಅವು ಜಾರದೆ ವಿಧಿಯಿರಲಿಲ್ಲ. 1990ರ ದಶಕದಲ್ಲಿ ನಡುವೆ ಕಿರಿದಾಗಿ, ತುದಿಗಳಲ್ಲಿ ಅಗಲವಾಗಿರುವ ಸ್ಕೀಗಳು ಬಂದವು. ಅಂಥ ಸ್ಕೀಯನ್ನು ಅಂಚಿನ ಮೇಲೆ ವಾಲಿಸಿದರೆ ಅದು ಬಿಲ್ಲಿನಂತೆ ಬಾಗಿ ಹಿಮದಲ್ಲಿ ತಾನೇ ಕೊರೆದ ಗೆರೆಯ ಮೇಲೆ ಸಾಗುತ್ತದೆ. ಗಟ್ಟಿ ಹಿಮದಲ್ಲಿ ಆ ಗೆರೆಯ ತ್ರಿಜ್ಯ, ಸ್ಕೀಯ ಪಕ್ಕದ ಬಾಗಿನ ತ್ರಿಜ್ಯವನ್ನು ವಾಲುವಿಕೆಯ ಕೋನದ ಕೊಸೈನ್‌ನಿಂದ ಗುಣಿಸಿದಷ್ಟು: 60 ಡಿಗ್ರಿ ವಾಲಿದರೆ ಸರಿಯಾಗಿ ಅರ್ಧ. ಜಾರುವಿಕೆ ಕಡಿಮೆಯಾಯಿತು, ವೇಗ ಹೆಚ್ಚಿತು, ಮಂಡಿಗಳ ಮೇಲಿನ ಹೊರೆಯೂ ಹೆಚ್ಚಿತು. ಅದನ್ನು ತಗ್ಗಿಸಲೆಂದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2012-13ರ ಋತುವಿನಿಂದ ಪುರುಷರ ಜೈಂಟ್ ಸ್ಲಾಲಮ್ ಸ್ಕೀಗಳ ಪಕ್ಕದ ಬಾಗಿನ ಕನಿಷ್ಠ ತ್ರಿಜ್ಯವನ್ನು 27ರಿಂದ 35 ಮೀಟರಿಗೆ ಏರಿಸಿತು. ಆ ಸ್ಕೀಗಳ ಮೇಲೆ ಓಡಿದವರಲ್ಲಿ ರೋಸಿಯ ಮಗ ಫೆಲಿಕ್ಸ್ ನಾಯ್‌ರಾಯ್ಟರ್ ಕೂಡ ಒಬ್ಬರು. ಅಷ್ಟು ನೇರ ಸ್ಕೀಯನ್ನು ಬರೀ ವಾಲಿಸಿದರೆ ಇಕ್ಕಟ್ಟಿನ ತಿರುವು ದಕ್ಕುವುದಿಲ್ಲವಾದ್ದರಿಂದ ಓಟಗಾರರು ತಿರುವಿನ ಆರಂಭದಲ್ಲಿ ಬೇಕೆಂದೇ ತುಸು ಜಾರಿಸಿ, ದಿಕ್ಕು ಹೊಂದಿಸಿಕೊಂಡು, ಆಮೇಲೆ ಅಂಚು ಊರತೊಡಗಿದರು. ಕೆಲವು ವರ್ಷಗಳ ನಂತರ ಒಕ್ಕೂಟವೇ ಆ ಮಿತಿಯನ್ನು 30 ಮೀಟರಿಗೆ ಇಳಿಸಿತು.